ಬ್ಯಾಟರಿ ಅಲ್ಲಾಡಬಾರದು, ಗಾಡಿ ಅಲ್ಲಾಡಬೇಕು

ಬಾನೆಟ್ ಎತ್ತಿ ನೋಡಿ: ಓದುಗರ ಗಾಡಿ ಪ್ರಶ್ನೆಗಳಿಗೆ ಕೋಲಾರದ ಗ್ಯಾರೇಜಿನಿಂದ ಉತ್ತರ

ಪ್ರಶ್ನೆ: ಅಣ್ಣಾ ನಮಸ್ಕಾರ. ನನ್ನದು 2009ರ ಸ್ವಿಫ್ಟ್, ಪೆಟ್ರೋಲ್. ಅಪ್ಪನ ಗಾಡಿ, ಈಗ ನನ್ನ ಕೈಗೆ ಬಂದಿದೆ. ಮುಂದಿನ ತಿಂಗಳು ನಾಲ್ಕು ಜನ ಗೆಳೆಯರು ಸೇರಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಟ್ರ್ಯಾಕ್ ಡೇಗೆ ಹೋಗುತ್ತಿದ್ದೇವೆ. ಗಾಡಿ ಒಳಗೆ ಬಿಡುವ ಮುಂಚೆ ಇನ್‌ಸ್ಪೆಕ್ಷನ್ ಇರುತ್ತದಂತೆ, ಕಳಿಸಿದ ಪಟ್ಟಿಯಲ್ಲಿ ‘ಬ್ಯಾಟರಿ ಭದ್ರವಾಗಿರಬೇಕು’ ಅಂತ ಒಂದು ಸಾಲು ಇದೆ. ಸುಮ್ನೆ ಬಾನೆಟ್ ಎತ್ತಿ ಅಲ್ಲಾಡಿಸಿದೆ, ನನ್ನ ಬ್ಯಾಟರಿ ಹಿಂದೆ ಮುಂದೆ ಜಾರುತ್ತದೆ. ಆರು ತಿಂಗಳ ಹಿಂದೆ ಬ್ಯಾಟರಿ ಬದಲಾಯಿಸಿದ ಅಂಗಡಿಯವನು ‘ಕ್ಲಾಂಪ್ ಕೂರಲ್ಲ’ ಅಂತ ಹೇಳಿ ಒಂದು ಕಡೆ ಥರ್ಮಾಕೋಲ್ ತುಂಡು ಸಿಕ್ಕಿಸಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿದ್ದ. ಬ್ಯಾಟರಿಯನ್ನು ಹಿಡಿದಿಡುವ ಹಳೇ ಕ್ಲಾಂಪ್ ಡಿಕ್ಕಿಯಲ್ಲೇ ಬಿದ್ದಿದೆ. ಇಷ್ಟಕ್ಕೆಲ್ಲ ವಾಪಸ್ ಕಳಿಸುತ್ತಾರಾ? ನಾಲ್ಕು ಕೇಬಲ್ ಟೈ ಹಾಕಿ ಬಿಗಿದರೆ ಸಾಕಲ್ವಾ?
ಟೇಕಲ್ ರಸ್ತೆಯ ಓದುಗ, ಕೋಲಾರ

ಉತ್ತರ: ಸಾಕಾಗಲ್ಲ. ವಾಪಸ್ ಕಳಿಸುತ್ತಾರೆ.

ನಾನೂ ಒಮ್ಮೆ ಹೀಗೇ ಕೇಬಲ್ ಟೈ ಹಾಕಿಕೊಂಡು ಹೋದವನು, ಅದೂ ಒಂದಲ್ಲ ಎಂಟು, ನೋಡಲು ಬಲು ಚೆನ್ನಾಗಿತ್ತು. ಪರೀಕ್ಷೆ ಮಾಡುವವರು ಒಂದು ಮಾತೂ ಆಡಲಿಲ್ಲ, ಎರಡು ಕೈಯಲ್ಲಿ ಬ್ಯಾಟರಿ ಹಿಡಿದು ಒಂದು ಸಲ ಕುಲುಕಿದರು, ಎರಡು ಟೈ ಟಪ್ ಅಂತ ಹೋಯಿತು. ನಡುರಾತ್ರಿ ಎದ್ದು ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿ ಇನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಬೆಳಗಿನ ಮೊದಲ ಸೆಷನ್ ಪೂರ್ತಿ ಬೇಲಿ ಆಚೆ ನಿಂತು ನೋಡಿದೆ. ತಪ್ಪು ನನ್ನದೇ, ಯಾರನ್ನು ಬೈಯುವುದು. ನಿಮಗೆ ಅದು ಬೇಡ ಅಂತಲೇ ಈ ಸಲ ಅಂಕಣದ ಮುಕ್ಕಾಲು ಜಾಗ ನಿಮಗೇ ಕೊಟ್ಟಿದ್ದೇನೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ, ನಮ್ಮದೇ ಗಾಡಿಯನ್ನು ದುಡ್ಡು ಕೊಟ್ಟು ಟ್ರ್ಯಾಕಿನ ಮೇಲೆ ಓಡಿಸುವುದು, ಅಷ್ಟೇ. ಆದರೆ ನೀವು ಹೋಗುತ್ತಿರುವುದು 1990ರಲ್ಲಿ ಶುರುವಾದ, ಸುಮಾರು 3.7 ಕಿ.ಮೀ. ಸುತ್ತಳತೆಯ ನಿಜವಾದ ರೇಸ್ ಟ್ರ್ಯಾಕಿಗೆ. ಅಲ್ಲಿ ನೀವು ಹಾಕುವ ಬ್ರೇಕು ಕೋಲಾರದಲ್ಲಿ ಹಸು ಅಡ್ಡ ಬಂದಾಗ ಹಾಕುವ ಬ್ರೇಕು, ಆದರೆ ಪ್ರತಿ ಸುತ್ತಿನಲ್ಲೂ ನಾಲ್ಕಾರು ಸಲ. ನಿಮ್ಮ ಬ್ಯಾಟರಿ ಸುಮಾರು 10 ಕೆ.ಜಿ. ಇರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಅದು ಹತ್ತಿರ ಹತ್ತಿರ ಅಷ್ಟೇ ತೂಕದಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಟ್ರ್ಯಾಕಿನ ಅಂಚಿನ ಕೆಂಪು ಬಿಳಿ ಕರ್ಬ್ ಮೇಲೆ ಚಕ್ರ ಹತ್ತಿದರೆ ಮೇಲಕ್ಕೂ ಎಗರುತ್ತದೆ. ತುಂಬಿದ ಬಿಂದಿಗೆಯನ್ನು ಟೆಂಪೋದಲ್ಲಿ ಕಟ್ಟದೆ ಇಟ್ಟುಕೊಂಡು ಹೋದ ಹಾಗೆ. ನೀರು ಚೆಲ್ಲಿದರೆ ಒರೆಸಿಕೊಳ್ಳಬಹುದು, ಇಲ್ಲಿ ಚೆಲ್ಲುವುದು ಆಸಿಡ್.

ಆಸಿಡ್‌ಗಿಂತ ದೊಡ್ಡ ಭಯ ಪ್ಲಸ್ ಟರ್ಮಿನಲ್‌ದು. ಅದು ಬಾನೆಟ್‌ಗೋ ಪಕ್ಕದ ಬಾಡಿಗೋ ತಗುಲಿದರೆ ಶಾರ್ಟ್. ಗಾಡಿಯ ಇಡೀ ಬಾಡಿ ಮೈನಸ್ ಅಲ್ವಾ. ಚಿಕ್ಕ ಕಾರಿನ ಬ್ಯಾಟರಿಯೂ ಶಾರ್ಟ್ ಆದಾಗ ನೂರಾರು ಆಂಪಿಯರ್ ಕರೆಂಟ್ ಸುರಿಯುತ್ತದೆ, ಸ್ಪ್ಯಾನರ್ ಅಡ್ಡ ಬಿದ್ದರೆ ಅದು ಅಲ್ಲೇ ವೆಲ್ಡಿಂಗ್ ಆದ ಹಾಗೆ ಅಂಟಿಕೊಳ್ಳುತ್ತದೆ. ಹತ್ತಿರದಲ್ಲೇ ಪೆಟ್ರೋಲ್ ಪೈಪ್, ವೈರಿಂಗ್, ಬಿಸಿ ಇಂಜಿನ್. ಹಾಗಾಗಿ ಇನ್‌ಸ್ಪೆಕ್ಷನ್ ಮಾಡುವವರು ಬಾನೆಟ್ ಎತ್ತಿದ ತಕ್ಷಣ ಕೈ ಹಾಕುವ ಜಾಗಗಳಲ್ಲಿ ಬ್ಯಾಟರಿ ಒಂದು. ಅವರು ಕಟ್ಟುನಿಟ್ಟು ಅಂತ ಬೇಜಾರು ಬೇಡ. ನಿಮ್ಮ ಗಾಡಿಯ ಆಸಿಡ್ಡೋ ಆಯಿಲ್ಲೋ ಟ್ರ್ಯಾಕ್ ಮೇಲೆ ಬಿದ್ದರೆ ಜಾರುವುದು ಹಿಂದೆ ಬರುವವರ ಗಾಡಿ.

ಈಗ ನಿಮ್ಮ ಗಾಡಿಗೆ ಬರೋಣ. ಬ್ಯಾಟರಿ ಲೂಸ್ ಆಗಿದೆ ಅಂದ ತಕ್ಷಣ ಎಲ್ಲರೂ ಹೇಗೆ ಬಿಗಿಯುವುದು ಅಂತ ಯೋಚನೆ ಮಾಡುತ್ತಾರೆ. ಯಾಕೆ ಲೂಸ್ ಆಯಿತು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಪತ್ರದಲ್ಲೇ ಉತ್ತರ ಇದೆ: ಕ್ಲಾಂಪ್ ಕೂರಲಿಲ್ಲ. ಮೊದಲಿನ ಬ್ಯಾಟರಿಗೆ ಕೂರುತ್ತಿದ್ದ ಕ್ಲಾಂಪ್ ಹೊಸದಕ್ಕೆ ಕೂರುತ್ತಿಲ್ಲ ಅಂದರೆ ಬ್ಯಾಟರಿಯೇ ಬೇರೆ ಸೈಜು.

ಬ್ಯಾಟರಿ ಮೇಲೆ ಬರೆದಿರುವ ನಂಬರ್ ನೋಡಿ. ನಿಮ್ಮ ಥರದ ಗಾಡಿಗೆ ಸಾಮಾನ್ಯವಾಗಿ ಹಾಕುವುದು 38ಬಿ20ಎಲ್ ಅನ್ನುವ ಸೈಜು. ಇದು ಜಪಾನಿನವರ ಲೆಕ್ಕ. ಮೊದಲ ಅಂಕಿ ಬ್ಯಾಟರಿಯ ಶಕ್ತಿಯ ದರ್ಜೆ, ‘ಬಿ’ ಅನ್ನುವುದು ಅಗಲ ಮತ್ತು ಎತ್ತರದ ಗುಂಪು, 20 ಅನ್ನುವುದು ಉದ್ದ ಸುಮಾರು 20 ಸೆಂ.ಮೀ. ಅಂತ, ಕೊನೆಯ ‘ಎಲ್’ ಅಥವಾ ‘ಆರ್’ ಟರ್ಮಿನಲ್ ಯಾವ ಕಡೆ ಅನ್ನುವುದಕ್ಕೆ. ಈಗ ನಿಮ್ಮದರ ಮೇಲೆ 34ಬಿ19ಎಲ್ ಅಂತ ಇದ್ದರೆ ಅಲ್ಲಿಗೆ ಮುಗಿಯಿತು. ಬಿ20 ಬ್ಯಾಟರಿಯ ಉದ್ದ 197 ಮಿ.ಮೀ., ಬಿ19 ಬ್ಯಾಟರಿಯದು 187. ಒಂದು ಸೆಂಟಿಮೀಟರ್ ಕಮ್ಮಿ. ಅದೇ ಜಾಗದಲ್ಲಿ ನಿಮ್ಮ ಅಂಗಡಿಯವನು ಥರ್ಮಾಕೋಲ್ ಇಟ್ಟಿದ್ದು ಅನ್ನಿಸುತ್ತದೆ. ಬೇರೆ ನಂಬರ್ ಇದ್ದರೂ ಪರವಾಗಿಲ್ಲ, ಟೇಪ್ ಹಿಡಿದು ಅಳೆಯಿರಿ, ಬ್ಯಾಟರಿ ಕೂರುವ ಟ್ರೇಯನ್ನೂ ಅಳೆಯಿರಿ.

ಇನ್ನೊಂದು ಸಾಧ್ಯತೆ ಇದೆ. ಡಿನ್ ಅಂತ ಕರೆಯುವ ಯುರೋಪ್ ಮಾದರಿ ಬ್ಯಾಟರಿಗಳು ಬರುತ್ತವೆ, ಅವುಗಳ ಬುಡದಲ್ಲಿ ಒಂದು ತುಟಿ ಇರುತ್ತದೆ, ಕ್ಲಾಂಪ್ ಆ ತುಟಿಯನ್ನು ಕೆಳಗಿನಿಂದ ಕಚ್ಚಿ ಹಿಡಿಯುತ್ತದೆ. ನಿಮ್ಮ ಥರದ ಗಾಡಿಯಲ್ಲಿ ಹಿಡಿತ ಮೇಲಿನಿಂದ: ಬ್ಯಾಟರಿ ಮೇಲೆ ಅಡ್ಡಕ್ಕೆ ಒಂದು ಪಟ್ಟಿ, ಅದನ್ನು ಟ್ರೇಗೆ ಎಳೆಯುವ ಎರಡು ಉದ್ದ ಬೋಲ್ಟು, ಬುಡದಲ್ಲಿ ಕೊಕ್ಕೆ ಇದ್ದರೆ ಜೆ ಬೋಲ್ಟ್ ಅನ್ನುತ್ತೇವೆ. ಒಂದು ಜಾತಿಯ ಬ್ಯಾಟರಿಯನ್ನು ಇನ್ನೊಂದು ಜಾತಿಯ ಟ್ರೇಯಲ್ಲಿ ಇಟ್ಟರೆ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ. ‘ಆಂಪಿಯರ್ ಒಂದೇ ಸರ್, ಏನೂ ಆಗಲ್ಲ’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಸೆಲ್ಫ್ ಹೊಡೆಯುವುದಕ್ಕೆ ನಿಜವಾಗಲೂ ಏನೂ ಆಗಲ್ಲ. ಕೂರುವುದು ಬೇರೆ ವಿಷಯ.

ಹಾಗಾಗಿ ನನ್ನ ಮೊದಲ ಸಲಹೆ ಬಲು ಸಾದಾ. ಬಿಲ್ಲು, ವಾರಂಟಿ ಕಾರ್ಡು ತಗೊಂಡು ಅದೇ ಅಂಗಡಿಗೆ ಹೋಗಿ ಸರಿಯಾದ ಸೈಜಿನದು ಬದಲಾಯಿಸಿ ಕೊಡಿ ಅಂತ ಕೇಳಿ. ಆರು ತಿಂಗಳು ಆಗಿದೆ, ಸ್ವಲ್ಪ ದುಡ್ಡು ಹಿಡಿದುಕೊಳ್ಳಬಹುದು, ಕೊಟ್ಟುಬಿಡಿ. ಸರಿಯಾದ ಬ್ಯಾಟರಿ, ಡಿಕ್ಕಿಯಲ್ಲಿರುವ ನಿಮ್ಮ ಹಳೇ ಕ್ಲಾಂಪ್, ಎರಡು ನಟ್. ಅರ್ಧ ಗಂಟೆ ಕೆಲಸ.

ಅವನು ಒಪ್ಪಲಿಲ್ಲ, ನಿಮಗೂ ಹೊಸದಕ್ಕೆ ದುಡ್ಡು ಹಾಕುವ ಮನಸ್ಸಿಲ್ಲ ಅನ್ನಿ. ಆಗ ಇರುವುದನ್ನೇ ಕೂರಿಸಬೇಕು. ಇದು ಮನೆಯಲ್ಲೇ ಆಗುವ ಕೆಲಸ, ಆದರೆ ಅವಸರ ಬೇಡ.

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಬಿಚ್ಚಿಡಿ. 10ನೇ ನಂಬರ್ ಸ್ಪ್ಯಾನರಿನಿಂದ ಮೊದಲು ಮೈನಸ್ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿ. ಆಮೇಲೆ ಪ್ಲಸ್. ಯಾಕೆ ಹೀಗೆ ಅಂದರೆ, ಮೊದಲು ಪ್ಲಸ್ ಬಿಚ್ಚಲು ಹೋದಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಅಲ್ಲೇ ಕಿಡಿ. ಮೈನಸ್ ಬಿಚ್ಚಿದ ಮೇಲೆ ತಗುಲಿದರೂ ಸರ್ಕ್ಯೂಟ್ ಪೂರ್ತಿ ಆಗುವುದಿಲ್ಲ. ಹಾಕುವಾಗ ಇದರ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಬ್ಯಾಟರಿ ಎತ್ತುವಾಗ ಓರೆ ಮಾಡಬೇಡಿ.

ಬ್ಯಾಟರಿ ತೆಗೆದ ಮೇಲೆ ಖಾಲಿ ಟ್ರೇ ಕಾಣುತ್ತದಲ್ಲ, ನಿಜವಾದ ಕಥೆ ಇರುವುದು ಅಲ್ಲಿ. ಹದಿನೈದು ವರ್ಷ ದಾಟಿದ ಗಾಡಿ. ಆಸಿಡ್ ಬಿದ್ದು ತಗಡು ತುಕ್ಕು ಹಿಡಿದು ಜಾಲರಿ ಆಗಿರಬಹುದು, ಟ್ರೇ ಹಿಡಿದಿರುವ ಬೋಲ್ಟುಗಳೇ ಲೂಸ್ ಇರಬಹುದು, ಕೊಕ್ಕೆ ಸಿಕ್ಕಿಸುವ ತೂತು ಹಿಗ್ಗಿರಬಹುದು. ಬ್ಯಾಟರಿಯನ್ನು ಟ್ರೇಗೆ ಎಷ್ಟು ಬಿಗಿದರೂ ಟ್ರೇಯೇ ಗಾಡಿಗೆ ಬಿಗಿಯಾಗಿಲ್ಲದಿದ್ದರೆ ಏನು ಬಂತು? ಒಂದು ಲೋಟ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಟ್ರೇಗೆ ಸುರಿಯಿರಿ, ನೊರೆ ಬಂದರೆ ಆಸಿಡ್ ಇದೆ ಅಂತ. ನೊರೆ ನಿಲ್ಲುವ ತನಕ ಸುರಿದು ತೊಳೆದು ಒಣಗಿಸಿ. ತುಕ್ಕು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಪೇಂಟ್ ಬಳಿಯಿರಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ ಅನ್ನುವ ಮಟ್ಟಕ್ಕೆ ಬಂದಿದ್ದರೆ ಟಿಂಕರಿಂಗ್ ಅಂಗಡಿಯೇ ಗತಿ, ಇಲ್ಲವೇ ಹೊಸ ಟ್ರೇ.

ಈಗ ಆ ಒಂದು ಸೆಂಟಿಮೀಟರ್ ಸಂದು. ಥರ್ಮಾಕೋಲ್, ರಟ್ಟು, ಬಟ್ಟೆ, ಸ್ಪಂಜು ಯಾವುದೂ ಬೇಡ. ಮೆತ್ತಗಿರುವುದೆಲ್ಲ ಒಂದು ವಾರದಲ್ಲಿ ಚಪ್ಪಟೆ ಆಗುತ್ತದೆ, ಮತ್ತೆ ಅದೇ ಆಟ. ನಾನು ಹಾಕುವುದು ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ತರಕಾರಿ ಹಲಗೆ. ನಗಬೇಡಿ. ಅಂಥ ಹಲಗೆ ಬಹಳಷ್ಟು ಪಾಲಿಥಿನ್‌ದೇ, ಆಸಿಡ್ ಬಿದ್ದರೂ ಜಗ್ಗುವುದಿಲ್ಲ, ಬಾನೆಟ್ ಒಳಗಿನ ಬಿಸಿಗೂ ತಡೆಯುತ್ತದೆ, ಗರಗಸದಲ್ಲಿ ಸಲೀಸಾಗಿ ಕುಯ್ಯಬಹುದು, ಹತ್ತು ಮಿಲಿಮೀಟರ್ ದಪ್ಪದ್ದು ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ. ಸಂದಿಗೆ ಸರಿಯಾಗಿ ಕುಯ್ದು ನಿಲ್ಲಿಸಿ, ಟ್ರೇಗೆ ಎರಡು ಸ್ಕ್ರೂ ಹಾಕಿ ಹಿಡಿಸಿ, ಇಲ್ಲದಿದ್ದರೆ ಅದೇ ಹಾರಿ ಬೀಳುತ್ತದೆ. ಮನೆಯಲ್ಲಿ ಬಳಸುತ್ತಿರುವ ಹಲಗೆ ಕುಯ್ದು ಅಮ್ಮನ ಹತ್ತಿರ ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.

ಹಲಗೆ ಜಾರುವುದನ್ನು ಮಾತ್ರ ತಡೆಯುತ್ತದೆ. ಎಗರುವುದನ್ನು ತಡೆಯಲು ಮೇಲಿನ ಪಟ್ಟಿ ಬೇಕೇ ಬೇಕು. ಡಿಕ್ಕಿಯಲ್ಲಿರುವ ಕ್ಲಾಂಪ್ ತಂದು ಇಟ್ಟು ನೋಡಿ. ಅದರ ಮಡಚಿದ ತುದಿ ಬ್ಯಾಟರಿಯ ಅಂಚಿಗೆ ಸಿಗದಿದ್ದರೆ ಅದೇ ಹಲಗೆಯ ತುಂಡಿನ ಮೇಲೆ ಕೂರುವ ಹಾಗೆ ಎತ್ತರ ಹೊಂದಿಸಬಹುದು. ಅದೂ ಆಗದಿದ್ದರೆ ಯಾವುದಾದರೂ ವೆಲ್ಡಿಂಗ್ ಶೆಡ್ಡಿಗೆ ಹೋಗಿ ಕಬ್ಬಿಣದ ಫ್ಲಾಟ್ ಪಟ್ಟಿ ಅಳತೆಗೆ ಬಗ್ಗಿಸಿ ಎರಡು ತೂತು ಹಾಕಿಸಿ. ಪಟ್ಟಿಗೆ ಪೂರ್ತಿ ರಬ್ಬರ್ ತೊಡಿಸಬೇಕು, ಪೆಟ್ರೋಲ್ ಪೈಪನ್ನು ಉದ್ದಕ್ಕೆ ಸೀಳಿ ಹಾಕಿದರೆ ಚೆನ್ನಾಗಿ ಕೂರುತ್ತದೆ. ಕಬ್ಬಿಣದ ಪಟ್ಟಿ ಪ್ಲಸ್ ಟರ್ಮಿನಲ್ ಹತ್ತಿರ ಸುಳಿಯಲೇಬಾರದು. ಭದ್ರ ಮಾಡಲು ಹೋಗಿ ಶಾರ್ಟ್ ಮಾಡಿಸಿಕೊಂಡವರನ್ನು ನೋಡಿದ್ದೇನೆ.

ನಟ್ ನೈಲಾಕ್ ಹಾಕಿ, ಅಂದರೆ ಸಡಿಲ ಆಗದ ಹಾಗೆ ಒಳಗೆ ನೈಲಾನ್ ಉಂಗುರ ಇರುವುದು, ಇಲ್ಲವೇ ಒಂದರ ಮೇಲೆ ಒಂದು ಎರಡು ನಟ್. ಬಿಗಿಯುವಾಗ ಮಾತ್ರ ಕೈ ಸ್ವಲ್ಪ ಹಿಡಿತದಲ್ಲಿರಲಿ. ಎರಡೂ ಕಡೆ ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಕಡೆ ಅರ್ಧ ಸುತ್ತು, ಇನ್ನೊಂದು ಕಡೆ ಅರ್ಧ ಸುತ್ತು, ಹೀಗೆ ಸಮನಾಗಿ. ಬ್ಯಾಟರಿ ಅಲ್ಲಾಡುವುದು ನಿಂತಿತೋ, ಅಲ್ಲಿಗೆ ನಿಲ್ಲಿಸಿ. ಡಬ್ಬಿಯ ಮೇಲ್ಭಾಗ ಬಾಗಿದರೆ ಅಥವಾ ಪಕ್ಕ ಉಬ್ಬಿದರೆ ಜಾಸ್ತಿ ಆಯಿತು ಅಂತ. ನಮ್ಮ ಹುಡುಗರು ಟಿಪ್ಪರ್ ಚಕ್ರ ಬಿಗಿದ ಹಾಗೆ ಬಿಗಿದು ಡಬ್ಬಿ ಸೀಳಿಸಿದ್ದೂ ಉಂಟು.

ಟರ್ಮಿನಲ್ ಕೂಡ ನೋಡಿಕೊಳ್ಳಿ. ಜಪಾನ್ ಸೈಜಿನ ಚಿಕ್ಕ ಬ್ಯಾಟರಿಗಳಲ್ಲಿ ಕಂಬ ಸಣ್ಣದು, ದಪ್ಪ ಎರಡೂ ಬರುತ್ತದೆ. ನಂಬರಿನ ಕೊನೆಗೆ ‘ಎಸ್’ ಇದ್ದರೆ ದಪ್ಪ ಕಂಬ. ಗಾಡಿಯ ವೈರಿನ ತುದಿ ದಪ್ಪದ್ದಕ್ಕೆ ಮಾಡಿದ್ದು, ಬ್ಯಾಟರಿ ಸಣ್ಣದ್ದು ಆದರೆ ನಟ್ ಪೂರ್ತಿ ಬಿಗಿದರೂ ತುದಿ ತಿರುಗುತ್ತಲೇ ಇರುತ್ತದೆ. ಅದಕ್ಕೆ ಕಂಬದ ಮೇಲೆ ತೊಡಿಸುವ ಸೀಸದ ಸ್ಲೀವ್ ಸಿಗುತ್ತದೆ, ಬ್ಯಾಟರಿ ಅಂಗಡಿಯಲ್ಲಿ ಕೇಳಿ. ತಾಮ್ರದ ತಂತಿ ಸುತ್ತುವುದು, ಮೊಳೆ ಹೊಡೆಯುವುದು ಮಾಡಬೇಡಿ. ಪ್ಲಸ್ ಮೇಲೆ ಕೆಂಪು ಟೋಪಿ ಇರಲೇಬೇಕು. ಇನ್ಸುಲೇಷನ್ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಅಂಟು ಕರಗಿ ಸಂಜೆ ಹೊತ್ತಿಗೆ ಬಾಲ ಬಿಚ್ಚಿಕೊಂಡು ನೇತಾಡುತ್ತದೆ, ನೋಡುವವರಿಗೂ ಅನುಮಾನ.

ಬಾನೆಟ್‌ಗೂ ಪ್ಲಸ್‌ಗೂ ಎಷ್ಟು ಅಂತರ ಇದೆ ಅಂತ ತಿಳಿಯಲು ಒಂದು ಉಪಾಯ. ಮೈನಸ್ ಬಿಚ್ಚಿರುವಾಗಲೇ ಚಪಾತಿ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಪ್ಲಸ್ ಟೋಪಿಯ ಮೇಲೆ ಇಡಿ, ಬಾನೆಟ್ ಮೆಲ್ಲಗೆ ಮುಚ್ಚಿ ಮೇಲಿಂದ ಒತ್ತಿ, ತೆಗೆದು ನೋಡಿ. ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಜಾಗ. ಒಂದು ಬೆರಳು ದಪ್ಪ ಉಳಿದರೆ ನನಗೆ ಸಮಾಧಾನ, ದೋಸೆ ಥರ ಆಗಿದ್ದರೆ ಏನೋ ತಪ್ಪಾಗಿದೆ. ಉದ್ದ ಬೋಲ್ಟಿನ ತುದಿ ಮೇಲಕ್ಕೆ ಚಾಚಿಕೊಂಡಿದ್ದರೆ ಅದನ್ನೂ ಹೀಗೇ ನೋಡಿ, ಜಾಸ್ತಿ ಇದ್ದರೆ ಕುಯ್ಯಿರಿ.

ಕೊನೆಗೆ ಪರೀಕ್ಷೆ. ಟರ್ಮಿನಲ್ ಆಗಲಿ ವೈರ್ ಆಗಲಿ ಹಿಡಿಯಬೇಡಿ, ಬ್ಯಾಟರಿಯ ಡಬ್ಬಿಯನ್ನೇ ಎರಡು ಕೈಯಲ್ಲಿ ಹಿಡಿದು ಹಿಂದೆ ಮುಂದೆ, ಪಕ್ಕಕ್ಕೆ, ಮೇಲಕ್ಕೆ ಎಳೆಯಿರಿ. ಬ್ಯಾಟರಿ ಅಲ್ಲಾಡಬಾರದು, ಗಾಡಿ ಅಲ್ಲಾಡಬೇಕು. ಅವರು ಮಾಡುವುದೂ ಇದನ್ನೇ.

ಇದೆಲ್ಲ ಹೊರಡುವ ಹಿಂದಿನ ರಾತ್ರಿ ಮಾಡಬೇಡಿ. ಒಂದು ವಾರ ಮುಂಚೆ ಮುಗಿಸಿ, ಕಲ್ಲು ಕ್ವಾರಿ ಕಡೆಯ ಯಾವುದಾದರೂ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಕುಲುಕಿ. ನಮ್ಮ ಜಿಲ್ಲೆಯಲ್ಲಿ ಅಂಥ ರಸ್ತೆ ಹುಡುಕಬೇಕಾಗಿಲ್ಲ, ಟಿಪ್ಪರ್ ಹಿಂದೆ ಹೋದರೆ ಸಾಕು. ನಟ್ ಕಾಲು ಸುತ್ತು ಸಡಿಲ ಆಗಿರಬಹುದು, ಬಿಗಿದು, ನಟ್ ಮತ್ತು ಪಟ್ಟಿ ಸೇರುವ ಜಾಗದಲ್ಲಿ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಟ್ರ್ಯಾಕಿನಲ್ಲಿ ಒಂದೇ ನೋಟಕ್ಕೆ ಗೊತ್ತಾಗುತ್ತದೆ. 10ನೇ ನಂಬರ್ ಸ್ಪ್ಯಾನರ್ ಜೊತೆಯಲ್ಲಿರಲಿ, ಪ್ರಪಂಚದಲ್ಲಿ ಬೇಕಾದಾಗ ಸಿಗದ ಸ್ಪ್ಯಾನರ್ ಅಂದರೆ ಅದೊಂದೇ.

ಬ್ಯಾಟರಿ ಗಲಾಟೆಯಲ್ಲಿ ಉಳಿದದ್ದು ಮರೆಯಬೇಡಿ. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಬದಲಾಯಿಸಿಯೇ ಹೋಗಿ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ, ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಅಷ್ಟೇ. ಚಕ್ರದ ನಟ್, ಟೈರು, ಗಾಡಿ ಎಳೆಯಲು ಹಾಕುವ ಟೋ ಹುಕ್, ಎಲ್ಲಾದರೂ ಆಯಿಲ್ ಸೋರುತ್ತಿದೆಯಾ ಅಂತ ಒಂದು ಸಲ ನೋಡಿಕೊಳ್ಳಿ. ಸ್ಟೆಪ್ನಿ, ಜಾಕಿ, ನೀರಿನ ಬಾಟಲಿ ಎಲ್ಲ ಕೆಳಗೆ ಇಳಿಸಿಯೇ ಟ್ರ್ಯಾಕಿಗೆ ಇಳಿಯಬೇಕು.

ಪ್ರಶ್ನೆ: ಸರ್, ಆಟೋಕ್ರಾಸ್‌ಗೆ, ಅದೇ ಮೈದಾನದಲ್ಲಿ ಗಡಿಯಾರದ ವಿರುದ್ಧ ಗಾಡಿ ಓಡಿಸುವ ಸ್ಪರ್ಧೆಗೆ, ಇಳಿಯೋಣ ಅಂತ ಇದ್ದೇನೆ. ಬ್ಯಾಟರಿಯನ್ನು ಡಿಕ್ಕಿಗೆ ಹಾಕಿದರೆ ಮುಂದಿನ ತೂಕ ಕಮ್ಮಿಯಾಗಿ ಗಾಡಿ ಚೆನ್ನಾಗಿ ತಿರುಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಮಾಡಿಸಲಾ?
ಮುಳಬಾಗಿಲಿನ ಓದುಗ

ಉತ್ತರ: ಈಗ ತಾನೇ ಶುರು ಮಾಡುತ್ತಿದ್ದರೆ ಬೇಡ. ಹತ್ತು ಕಿಲೋ ಹಿಂದೆ ಹಾಕಿ ಸಿಗುವ ಲಾಭಕ್ಕಿಂತ ಟೈರಿನ ಗಾಳಿ ಸರಿ ಮಾಡಿಕೊಂಡರೆ ಸಿಗುವುದು ಜಾಸ್ತಿ.

ಮಾಡಲೇಬೇಕು ಅಂದರೆ ಕೆಲಸ ಸಣ್ಣದಲ್ಲ ಅಂತ ತಿಳಿದಿರಿ. ಜಗತ್ತಿನ ಮೋಟಾರ್ ರೇಸ್‌ಗಳಿಗೆ ನಿಯಮ ಮಾಡುವ ಎಫ್‌ಐಎ ಸಂಸ್ಥೆಯ ನಿಯಮ ಪುಸ್ತಕದ ಅಪೆಂಡಿಕ್ಸ್ ಜೆ ಪ್ರಕಾರ, ಕಂಪನಿ ಇಟ್ಟ ಜಾಗದಿಂದ ಬ್ಯಾಟರಿ ಸರಿಸಿದರೆ ಅದನ್ನು ಲೋಹದ ತಳ ಮತ್ತು ಎರಡು ಲೋಹದ ಪಟ್ಟಿಯಿಂದ ಬಾಡಿಗೆ ಹಿಡಿಸಬೇಕು, ಪಟ್ಟಿಗೆ ಕರೆಂಟ್ ಹರಿಯದ ಹೊದಿಕೆ ಇರಬೇಕು. ಬೋಲ್ಟ್ ಕನಿಷ್ಠ 10 ಮಿ.ಮೀ. ದಪ್ಪ, ಪ್ರತಿ ಬೋಲ್ಟಿನ ಕೆಳಗೆ ಬಾಡಿಯ ತಗಡಿನ ಆ ಕಡೆ ಕನಿಷ್ಠ 3 ಮಿ.ಮೀ. ದಪ್ಪದ, 20 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟು. ಬರೀ ವಾಷರ್ ಹಾಕಿದರೆ ಏಟು ಬಿದ್ದಾಗ ತೆಳ್ಳಗಿನ ತಗಡನ್ನು ಹರಿದುಕೊಂಡು ಬೋಲ್ಟ್ ಮೇಲೆ ಬರುತ್ತದೆ, ಅದಕ್ಕೇ ಈ ಪ್ಲೇಟು. ಪ್ಲಸ್ ವೈರ್ ಇಡೀ ಗಾಡಿಯ ಉದ್ದಕ್ಕೂ ಹೋಗುವುದರಿಂದ ದಪ್ಪ ವೈರ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು, ತಗಡಿನ ತೂತು ದಾಟುವ ಕಡೆಯಲ್ಲೆಲ್ಲ ವೈರ್ ಉಜ್ಜಿ ಸೀಳದ ಹಾಗೆ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚಿಗೆ ಹಾಕುವ ಉಂಗುರ, ಬೇಕು. ಸ್ಪರ್ಧೆ ನಡೆಸುವವರು ಕೊಡುವ ನಿಯಮಗಳನ್ನು ಮೊದಲು ಓದಿ, ನೀವು ಇಳಿಯುವ ಕ್ಲಾಸಿನಲ್ಲಿ ಬ್ಯಾಟರಿ ಸರಿಸಲು ಅನುಮತಿಯೇ ಇಲ್ಲದಿದ್ದರೆ ಮಾಡಿಸಿದ್ದೆಲ್ಲ ದಂಡ.

ಪ್ರಶ್ನೆ: ಅಣ್ಣಾ, ನಮ್ಮದು ಟೊಮೇಟೊ ಹೊಡೆಯುವ ಪಿಕಪ್. ಸೀಸನ್‌ನಲ್ಲಿ ದಿನಾ ಕೋಲಾರದ ಮಂಡಿಗೆ ಬರುತ್ತದೆ. ವರ್ಷಕ್ಕೊಂದು ಬ್ಯಾಟರಿ ಹೋಗುತ್ತಿದೆ. ನೀರು ತಪ್ಪದೆ ಹಾಕುತ್ತೇವೆ. ನಮ್ಮ ಯಜಮಾನರು ಬ್ಯಾಟರಿ ಕಂಪನಿಯನ್ನೇ ಬೈಯುತ್ತಾರೆ. ಏನು ಮಾಡುವುದು?
ಚಿಂತಾಮಣಿ ತಾಲ್ಲೂಕಿನ ಓದುಗರು

ಉತ್ತರ: ನೋಡಿ ಅಮ್ಮ, ಎರಡು ಪ್ರಶ್ನೆ ನಾನು ಕೇಳುತ್ತೇನೆ. ಯಾವ ನೀರು ಹಾಕುತ್ತೀರಿ? ಬ್ಯಾಟರಿ ಅಲ್ಲಾಡುತ್ತದೆಯಾ?

ಬೋರ್‌ವೆಲ್ ನೀರು ಅಂದರೆ ಅಲ್ಲೇ ಅರ್ಧ ಉತ್ತರ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಪಾತ್ರೆಯ ತಳವೇ ಹೇಳುತ್ತದೆ. ಆ ಬಿಳಿ ಪದರ ಬ್ಯಾಟರಿ ಒಳಗೂ ಹೋಗುತ್ತದೆ, ನೀರಲ್ಲಿ ಕರಗಿದ ಕಬ್ಬಿಣ, ಉಪ್ಪು ಸೀಸದ ಪ್ಲೇಟನ್ನು ಕೆಡಿಸುತ್ತದೆ. ಫಿಲ್ಟರ್ ನೀರೂ ಬೇಡ, ಬ್ಯಾಟರಿಗೆ ಅಂತಲೇ ಮಾರುವ ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ನೀವೇ ಸೇರಿಸಲು ಹೋಗಬೇಡಿ, ಆವಿಯಾಗಿ ಹೋಗುವುದು ನೀರು, ಆಸಿಡ್ ಅಲ್ಲ.

ಇನ್ನರ್ಧ ಅಲ್ಲಾಟ. ತೋಟದಿಂದ ಟಾರ್ ರಸ್ತೆ ಸೇರುವ ತನಕ ಗಾಡಿ ಕುಣಿಯುತ್ತದೆ, ಬ್ಯಾಟರಿ ಸಡಿಲ ಇದ್ದರೆ ಗಾಡಿಗಿಂತ ಜಾಸ್ತಿ ಕುಣಿಯುತ್ತದೆ. ಒಳಗೆ ಪ್ಲೇಟಿಗೆ ಮೆತ್ತಿದ ಸೀಸದ ಪುಡಿ ಸ್ವಲ್ಪ ಸ್ವಲ್ಪವೇ ಉದುರಿ ತಳದಲ್ಲಿ ಕೂರುತ್ತದೆ, ಅದು ಪ್ಲೇಟಿನ ಮಟ್ಟ ಮುಟ್ಟಿದಾಗ ಆ ಸೆಲ್ ಒಳಗೇ ಶಾರ್ಟ್ ಆಗಿ ಸಾಯುತ್ತದೆ. ಮೇಲಿನ ಸ್ವಿಫ್ಟ್ ಹುಡುಗನಿಗೆ ಹೇಳಿದ್ದೆಲ್ಲ ನಿಮ್ಮ ಪಿಕಪ್‌ಗೂ ಅನ್ವಯ, ನಿಮಗೆ ಇನ್ನೂ ಜಾಸ್ತಿ. ಯಜಮಾನರಿಗೆ ಹೇಳಿ, ಲೋಡ್ ಹಗ್ಗ ಬಿಗಿಯುವಾಗ ಹಾಗೇ ಬ್ಯಾಟರಿಗೂ ಒಂದು ಕೈ ಹಾಕಿ ನೋಡಲಿ. ಇವೆರಡೂ ಸರಿ ಇದ್ದು ಮತ್ತೆ ಹೋದರೆ ಡೈನಮೋ ಚಾರ್ಜಿಂಗ್ ಅಳತೆ ಮಾಡಿಸಿ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ಒಳಗೆ ಇರಬೇಕು, 15 ದಾಟಿದರೆ ಅದೇ ಬ್ಯಾಟರಿಯನ್ನು ಬೇಯಿಸುತ್ತಿದೆ.

ಪ್ರಶ್ನೆ: ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಮತ್ತೆ ಮತ್ತೆ ಬರುತ್ತದೆ. ಗ್ರೀಸ್ ಹಾಕಿದರೂ ನಿಲ್ಲುತ್ತಿಲ್ಲ.
ತುಮಕೂರು, ಶಿರಾ ಗೇಟ್

ಉತ್ತರ: ಪುಡಿಯ ಮೇಲೆಯೇ ಗ್ರೀಸ್ ಹಾಕಿರುತ್ತೀರಿ. ಬಿಚ್ಚಿ, ಸೋಡಾ ನೀರಿನಲ್ಲಿ ತೊಳೆದು, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಬಿಗಿದು, ಆಮೇಲೆ ಹೊರಗಡೆ ಮಾತ್ರ ವ್ಯಾಸಲಿನ್ ತೆಳ್ಳಗೆ ಸವರಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ತೂತಿನೊಳಗೆ ಇಳಿಯಬಾರದು. ಆದರೂ ಬಂದರೆ ಕಂಬದ ಬುಡದಲ್ಲಿ ಸೀಳು ಬಿಟ್ಟು ಆಸಿಡ್ ಜಿನುಗುತ್ತಿದೆ, ವಾರಂಟಿ ಇದ್ದರೆ ತೋರಿಸಿ.

ಪ್ರಶ್ನೆ: ಅಣ್ಣಾ, ಟ್ರ್ಯಾಕಿಗೆ ಹೋಗುವಾಗ ಗಾಡಿಯೊಳಗೆ ಸಡಿಲವಾಗಿ ಏನೂ ಇರಬಾರದು ಅಂತಾರೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನೂ ತೆಗೆಯಬೇಕಾ? ಗಮ್ ಹಾಕಿ ಅಂಟಿಸಿದ್ದೇನೆ.
ಬಂಗಾರಪೇಟೆಯ ಓದುಗ

ಉತ್ತರ: ತೆಗೆಯಬೇಕು. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡ್ ಮೇಲೆ ಆ ಗಮ್ ನಂಬುವ ಹಾಗಿಲ್ಲ, ಕಲ್ಲಿನ ಗಣಪ ಆದರೆ ಬ್ರೇಕ್ ಒತ್ತಿದಾಗ ನೇರ ಗಾಜಿಗೆ. ಕೈ ಮುಗಿದು, ಟವೆಲ್ಲಿನಲ್ಲಿ ಸುತ್ತಿ ಬ್ಯಾಗಿನಲ್ಲಿಡಿ, ಸಂಜೆ ವಾಪಸ್ ಕೂರಿಸಿ. ಕನ್ನಡಿಗೆ ಕಟ್ಟಿರುವ ಜಪಮಾಲೆ, ಮುಂದೆ ಕಟ್ಟಿರುವ ನಿಂಬೆಹಣ್ಣು ಮೆಣಸಿನಕಾಯಿ ಕೂಡ ಬಿಚ್ಚಿಬಿಡಿ.